ಮೂಗಿನ ಸಲೈನ್ ಸ್ಪ್ರೇ ಮತ್ತು ಜೆಲ್: ಮಗನಿಗೆ ಸಾಕಾಯಿತು, ಅಪ್ಪನಿಗೆ ಸಾಲಲಿಲ್ಲ

ನಮ್ಮ ಮನೆಯಲ್ಲಿ 9 ವರ್ಷದ ಮಗನಿಗೂ 71 ವರ್ಷದ ನನ್ನ ತಂದೆಗೂ ಮೂಗಿನಲ್ಲಿ ಪದೇಪದೇ ರಕ್ತ ಬರುತ್ತಿತ್ತು. ಈ ಇಬ್ಬರೂ ಏಳು ತಿಂಗಳ ಅವಧಿಯಲ್ಲಿ ಬೇರೆ ಬೇರೆ ಸಮಯಕ್ಕೆ ಬಳಸಿದ ಎರಡು ವಸ್ತುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದು, 0.9 ಶೇಕಡಾ ಉಪ್ಪಿನಂಶದ ನೀರು ತುಂಬಿದ, ಪಂಪಿನಿಂದ ಸಿಂಪಡಿಸುವ ಸಣ್ಣ ಬಾಟಲಿ. ಇನ್ನೊಂದು, ಅದೇ ಕಂಪನಿಯ, ನೀರಿನಂಶವೇ ಹೆಚ್ಚಿರುವ ಮೂಗಿನ ಜೆಲ್. ಎರಡೂ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುವಂಥವು. ವಸ್ತುವಿನ ಗುಣಮಟ್ಟದ ಬಗ್ಗೆ ನನಗೆ ಹೆಚ್ಚಿನ ದೂರಿಲ್ಲ. ಆದರೆ ಡಬ್ಬಿಯ ಮೇಲೆ ‘ಮರುಕಳಿಸುವ ರಕ್ತಸ್ರಾವಕ್ಕೆ ಪರಿಹಾರ’ ಎಂದು ಅಚ್ಚಾಗಿರುವ ಒಂದು ಸಾಲನ್ನು ನಂಬಿ ನಾನು ಮಾಡಿದ ತಪ್ಪನ್ನು ಹೇಳದೆ ಈ ವಿಮರ್ಶೆ ಪೂರ್ಣವಾಗುವುದಿಲ್ಲ. ಅದಕ್ಕಾಗಿಯೇ ಇದು ಸ್ವಲ್ಪ ದೀರ್ಘವಾಗಿದೆ.

ಮೊದಲು ಮಗನ ವಿಷಯ. ವಾರಕ್ಕೆ ಎರಡು ಬಾರಿಯಾದರೂ ಬೆಳಗ್ಗೆ ಅವನ ದಿಂಬಿನ ಮೇಲೆ ರಕ್ತದ ಕಲೆ ಇರುತ್ತಿತ್ತು, ಕೆಲವೊಮ್ಮೆ ತರಗತಿಯಲ್ಲಿ ಕುಳಿತಿದ್ದಾಗಲೇ ಎಡ ಹೊಳ್ಳೆಯಿಂದ ರಕ್ತ ಇಳಿಯುತ್ತಿತ್ತು. ಏನನ್ನೂ ಕೊಳ್ಳುವ ಮೊದಲು ಅವನನ್ನು ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿದೆವು. ಇಡೀ ಏಳು ತಿಂಗಳಲ್ಲಿ ನಾವು ಸರಿಯಾಗಿ ಮಾಡಿದ ಕೆಲಸಗಳಲ್ಲಿ ಇದೇ ಮುಖ್ಯವಾದದ್ದು. ವೈದ್ಯರು ಮೂಗಿನೊಳಗೆ ಬೆಳಕು ಹಾಯಿಸಿ, ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಒಣಗಿದ ಹಕ್ಕಳೆಯನ್ನೂ ಅದರ ಸುತ್ತ ಉಬ್ಬಿದ ಕೆಂಪು ನಾಳಗಳನ್ನೂ ನನಗೆ ತೋರಿಸಿದರು. ಆ ಜಾಗಕ್ಕೆ ಲಿಟಲ್ ಪ್ರದೇಶವೆಂದು ಹೆಸರು. 1879ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಲಾರೆನ್ಸ್ ಲಿಟಲ್ ಅದನ್ನು ಗುರುತಿಸಿ ಬರೆದರು, 1884ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಕೀಸೆಲ್‌ಬಾಕ್ ಅಲ್ಲಿನ ನಾಳಗಳ ಜಾಲವನ್ನು ವಿವರಿಸಿದರು. ಹಲವು ಅಪಧಮನಿಗಳ ಕವಲುಗಳು ಬಂದು ಕೂಡುವ ಸ್ಥಳವದು, ಮೇಲಿರುವುದು ತೀರಾ ತೆಳುವಾದ ಲೋಳೆಪೊರೆ, ಅದರ ಕೆಳಗೆ ನೇರವಾಗಿ ಮೃದ್ವಸ್ಥಿ. ಒಳಗೆ ಎಳೆದುಕೊಂಡ ಒಣಗಾಳಿ ಮೊದಲು ತಾಗುವುದೂ ಅಲ್ಲಿಗೆ, ಮಗುವಿನ ಬೆರಳು ಮೊದಲು ಮುಟ್ಟುವುದೂ ಅಲ್ಲಿಗೆ. ಮೂಗಿನ ರಕ್ತಸ್ರಾವಗಳಲ್ಲಿ ಸುಮಾರು 90 ಶೇಕಡಾ ಮೂಗಿನ ಈ ಮುಂಭಾಗದಿಂದಲೇ ಬರುತ್ತವೆ.

ಪೊರೆ ಒಣಗಿದಾಗ ಬಿರುಕು ಬಿಡುತ್ತದೆ, ಬಿರುಕಿನಿಂದ ರಕ್ತ ಜಿನುಗಿ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕೆರೆಯುತ್ತದೆ ಅಥವಾ ಉಸಿರಿಗೆ ಅಡ್ಡವಾಗುತ್ತದೆ. ಮಗು ನಿದ್ದೆಯಲ್ಲಿಯೂ ಅದನ್ನು ಕೀಳುತ್ತದೆ, ಗಾಯ ಮತ್ತೆ ತೆರೆದುಕೊಳ್ಳುತ್ತದೆ. ನೆಗಡಿ ಅಥವಾ ಅಲರ್ಜಿಯಿಂದ ಪೊರೆ ಊದಿಕೊಂಡಿದ್ದರೆ, ಪದೇಪದೇ ಜೋರಾಗಿ ಮೂಗು ಸೀಟುತ್ತಿದ್ದರೆ, ಈ ಸುತ್ತು ಇನ್ನೂ ಬೇಗ ತಿರುಗುತ್ತದೆ. ಸಲೈನ್ ಸ್ಪ್ರೇಗೂ ಜೆಲ್‌ಗೂ ಇರುವ ಕೆಲಸ ಇಷ್ಟೇ: ಪೊರೆ ಒಣಗದಂತೆ ನೋಡಿಕೊಂಡು, ಹಕ್ಕಳೆಯನ್ನು ಮೆದುವಾಗಿಸಿ, ಗಾಯ ತಾನಾಗಿ ಮಾಯಲು ಕಾಲಾವಕಾಶ ಕೊಡುವುದು. ಅವು ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ, ನಾಳವನ್ನು ಮುಚ್ಚುವುದಿಲ್ಲ. ಈ ಮಾತನ್ನು ಅಂದು ನಾನು ಮನಸ್ಸಿಟ್ಟು ಕೇಳಿಸಿಕೊಂಡಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಬಳಕೆಯ ದೃಷ್ಟಿಯಿಂದ ಬಾಟಲಿ ಚೆನ್ನಾಗಿದೆ. ಪಂಪು ಒತ್ತಿದರೆ ಮಂಜಿನಂತೆ ಸಣ್ಣ ಹನಿ ಬರುತ್ತದೆ, ನೀರು ಎರಚಿದಂತಾಗುವುದಿಲ್ಲ. ಆದ್ದರಿಂದ ಮಗ ಎರಡನೆಯ ದಿನದಿಂದಲೇ ಹಟ ಮಾಡದೆ ಹಾಕಿಸಿಕೊಂಡ. 0.9 ಶೇಕಡಾ ಎಂದರೆ ದೇಹದ ದ್ರವಗಳಿಗೆ ಸರಿಸಮನಾದ ಉಪ್ಪಿನಂಶ, ಹಾಗಾಗಿ ಉರಿ ಇಲ್ಲ. ಇದೇ ಸಾಲಿನಲ್ಲಿ ಹೆಚ್ಚು ಉಪ್ಪಿನಂಶದ ಬಾಟಲಿಯೂ ಸಿಗುತ್ತದೆ. ಅದು ಕಟ್ಟಿದ ಮೂಗನ್ನು ಬಿಡಿಸಲು ಮಾಡಿದ್ದು, ಬಿರುಕು ಬಿಟ್ಟ ಪೊರೆಗೆ ತಾಗಿದರೆ ಉರಿಯುತ್ತದೆ. ಕೊಳ್ಳುವಾಗ ಅಂಕಿಯನ್ನು ಓದಿ ಕೊಳ್ಳಬೇಕು. ನಾನು ಆರಿಸಿದ್ದು ಕೆಡದಂತೆ ಕಾಯುವ ರಾಸಾಯನಿಕ ಸೇರಿಸದ ಬಾಟಲಿ. ಅಂಥ ರಾಸಾಯನಿಕಗಳಲ್ಲಿ ಸಾಮಾನ್ಯವಾಗಿ ಬಳಸುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಕೆಲವರ ಮೂಗಿನ ಪೊರೆಯನ್ನು ಕೆರಳಿಸುವುದುಂಟು. ತಿಂಗಳುಗಟ್ಟಲೆ, ದಿನಕ್ಕೆ ಹಲವು ಬಾರಿ ಹಾಕುವ ವಸ್ತುವಿನಲ್ಲಿ ಅದಿಲ್ಲದಿರುವುದೇ ಒಳಿತು ಎಂದು ನನಗೆ ಅನ್ನಿಸಿತು. ಇದಕ್ಕೆ ಪ್ರತಿಯಾಗಿ ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಟ್ಟು, ಸೂಚಿಸಿದ ಅವಧಿ ಮುಗಿದ ಕೂಡಲೇ, ಅರ್ಧ ಉಳಿದಿದ್ದರೂ, ಎಸೆಯಬೇಕಾಗುತ್ತದೆ. ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಬಳಸಲೇಬಾರದು. ಮೂಗಿಗೆ ತಾಗಿದ ಮೂತಿಯ ಮೂಲಕ ಸೋಂಕು ಹರಡುತ್ತದೆ.

ಮೂತಿಯ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ. ಅದು ದೊಡ್ಡವರ ಮೂಗಿನ ಅಳತೆಯದು, ಉದ್ದವಾಗಿದೆ, ತುದಿ ಗಟ್ಟಿ. ಮಗುವಿನ ಹೊಳ್ಳೆಯಲ್ಲಿ ಪೂರ್ತಿ ತೂರಿಸಿದರೆ ತುದಿ ನೇರವಾಗಿ ನಡುಗೋಡೆಗೆ ತಾಗುತ್ತದೆ, ಎಂದರೆ ಯಾವ ಗಾಯವನ್ನು ವಾಸಿ ಮಾಡಲು ಹೊರಟಿದ್ದೇವೋ ಅದನ್ನೇ ಕೆದಕಿದಂತಾಗುತ್ತದೆ. ವೈದ್ಯರು ಕಲಿಸಿದ ಉಪಾಯ ಸರಳವಾದದ್ದು: ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ ಹಾಕಿಕೊಂಡರೆ ಮೂತಿ ತಾನಾಗಿ ನಡುಗೋಡೆಯಿಂದ ದೂರ ಸರಿದು ಅದೇ ಬದಿಯ ಕಣ್ಣಿನ ಹೊರ ಮೂಲೆಯತ್ತ ತಿರುಗುತ್ತದೆ. ಅಲರ್ಜಿಗೆಂದು ಸ್ಟೀರಾಯ್ಡ್ ಸ್ಪ್ರೇ ಬಳಸುವವರಿಗೆ ಇದು ಇನ್ನೂ ಮುಖ್ಯ. ಅಂಥ ಸ್ಪ್ರೇ ನಡುಗೋಡೆಗೆ ನೇರವಾಗಿ ಬೀಳುತ್ತಿದ್ದರೆ ಅದರಿಂದಲೇ ರಕ್ತ ಬರಲು ಶುರುವಾಗಬಹುದು. ಈ ವಿವರ ನಮ್ಮ ಡಬ್ಬಿಯೊಳಗಿನ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ.

ಜೆಲ್ ಅನ್ನು ರಾತ್ರಿ ಮಲಗುವ ಮುನ್ನ, ಬಟಾಣಿ ಕಾಳಿನಷ್ಟು, ಪ್ರತಿ ಹೊಳ್ಳೆಯ ಒಳ ಅಂಚಿಗೆ ಸವರಿ, ಹೊರಗಿನಿಂದ ಮೂಗನ್ನು ಮೆಲ್ಲಗೆ ಒತ್ತಿ ಹರಡುತ್ತಿದ್ದೆವು. ಹತ್ತಿಯ ಕಡ್ಡಿಯನ್ನು ಒಳಗೆ ತೂರಿಸುವ ಅಗತ್ಯವಿಲ್ಲ, ಅದರಿಂದ ಹಾನಿಯೇ ಹೆಚ್ಚು. ಪೆಟ್ರೋಲಿಯಂ ಜೆಲ್ಲಿಯನ್ನೇ ಹಚ್ಚಬಾರದೇ ಎಂದು ಹಲವರು ಕೇಳುತ್ತಾರೆ. ಹಚ್ಚುವವರು ಬಹಳ ಮಂದಿ ಇದ್ದಾರೆ, ವೈದ್ಯರೂ ಸೂಚಿಸುತ್ತಾರೆ. ಆದರೆ ಅದು ಎಣ್ಣೆಯ ಜಾತಿಯ ವಸ್ತು, ವರ್ಷಗಟ್ಟಲೆ ರಾತ್ರಿ ಹೊತ್ತು ಧಾರಾಳವಾಗಿ ಬಳಸಿದಾಗ ಶ್ವಾಸಕೋಶಕ್ಕೆ ಇಳಿದು ಉರಿಯೂತ ಉಂಟುಮಾಡಿದ ಅಪರೂಪದ ಪ್ರಕರಣಗಳು ಉಂಟು. ದೀರ್ಘಕಾಲದ ಬಳಕೆಗೆ ನೀರಿನಂಶದ ಜೆಲ್ ವಾಸಿ ಎನ್ನುವ ಕಡೆಗೆ ನನ್ನ ಒಲವು. ಮೂಗು ಕಟ್ಟಿದಾಗ ಹಾಕುವ, ನಾಳಗಳನ್ನು ಕುಗ್ಗಿಸುವ ಆಕ್ಸಿಮೆಟಾಜೋಲಿನ್ ಜಾತಿಯ ಹನಿಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅವು ಔಷಧಿಗಳು, ಕೆಲವೇ ದಿನಗಳ ಆಚೆಗೆ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿಕೊಳ್ಳುತ್ತದೆ.

ಮಗನಲ್ಲಿ ಫಲಿತಾಂಶ ಮೂರನೆಯ ವಾರದಲ್ಲಿ ಕಾಣಿಸಿತು. ಬೆಳಗ್ಗೆ, ಸಂಜೆ, ಮಲಗುವಾಗ ಎಂದು ದಿನಕ್ಕೆ ಮೂರು ಬಾರಿ ಸ್ಪ್ರೇ, ರಾತ್ರಿ ಜೆಲ್. ಮೊದಲ ಎರಡು ವಾರದಲ್ಲಿ ಮೂರು ಬಾರಿ ಬಂದ ರಕ್ತ ಆಮೇಲೆ ನಿಂತಿತು, ನಾಲ್ಕು ತಿಂಗಳು ದಿಂಬು ಶುಭ್ರವಾಗಿತ್ತು. ನಡುವೆ ಜೋರು ನೆಗಡಿಯಾದಾಗ ಒಮ್ಮೆ ಬಂತು, ಹತ್ತು ನಿಮಿಷದೊಳಗೆ ನಿಂತಿತು. ಇದರ ಶ್ರೇಯಸ್ಸನ್ನೆಲ್ಲ ಬಾಟಲಿಗೆ ಕೊಡಲಾರೆ. ಅದೇ ಸಮಯಕ್ಕೆ ಅವನ ಉಗುರುಗಳನ್ನು ತಪ್ಪದೆ ಚಿಕ್ಕದಾಗಿ ಕತ್ತರಿಸತೊಡಗಿದ್ದೆವು, ಮಲಗುವ ಕೋಣೆಯ ಒಣಗಾಳಿಗೆ ತೇವ ಸೇರಿಸುವ ಯಂತ್ರವನ್ನೂ ಇಟ್ಟಿದ್ದೆವು. ಮೂರರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಬರುವುದಿಲ್ಲ, ಆದರೆ ಪ್ರವಾಸದಲ್ಲಿ ಸ್ಪ್ರೇ ಮರೆತುಹೋದ ಒಂದು ವಾರದಲ್ಲಿ ಹಕ್ಕಳೆ ಮರಳಿ ಕಾಣಿಸಿಕೊಂಡದ್ದು ನಿಜ.

ವೈದ್ಯರು ಬಾಟಲಿಯ ಹೆಸರು ಬರೆಯುವ ಮೊದಲು ಕೇಳಿದ ಪ್ರಶ್ನೆಗಳನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ಸ್ಪ್ರೇ ಸಾಕೇ ಸಾಲದೇ ಎಂಬುದನ್ನು ತೀರ್ಮಾನಿಸಿದ್ದು ಅವೇ. ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟಿದ ಕಲೆಗಳು ಬರುತ್ತವೆಯೇ, ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆಯೇ, ಹಲ್ಲು ಕಿತ್ತಾಗ ರಕ್ತ ನಿಲ್ಲಲು ಬಹಳ ಹೊತ್ತಾಗಿತ್ತೇ, ಮನೆಯ ಹೆಂಗಸರಲ್ಲಿ ಯಾರಿಗಾದರೂ ಮುಟ್ಟಿನ ಸಮಯದಲ್ಲಿ ವಿಪರೀತ ರಕ್ತ ಹೋಗುತ್ತದೆಯೇ ಎಂದು ಅವರು ಕೇಳಿದರು. ಹೌದೆಂಬ ಉತ್ತರ ಬಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆಗಳಾದ ಫಾನ್ ವಿಲ್ಲೆಬ್ರಾಂಡ್ ಕಾಯಿಲೆ, ಹಿಮೋಫಿಲಿಯಾ, ಪ್ಲೇಟ್‌ಲೆಟ್ ಕೊರತೆ ಮುಂತಾದವುಗಳನ್ನು ರಕ್ತಪರೀಕ್ಷೆಯಿಂದ ಹುಡುಕಬೇಕಾಗುತ್ತದೆ. ಅಪರೂಪಕ್ಕೆ ರಕ್ತದ ಕ್ಯಾನ್ಸರ್ ಕೂಡ ಹೀಗೆಯೇ ಮೊದಲು ಸುಳಿವು ಕೊಡುತ್ತದೆ. ತುಟಿ, ನಾಲಿಗೆ, ಬೆರಳ ತುದಿಗಳಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದು, ಮನೆತನದಲ್ಲಿ ಹಲವರಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುವ, ರಕ್ತನಾಳಗಳ ರಚನೆಯಲ್ಲಿಯೇ ದೋಷವಿರುವ ಆನುವಂಶಿಕ ಕಾಯಿಲೆಯನ್ನು ಶಂಕಿಸುತ್ತಾರೆ. ಆಸ್ಲರ್, ವೆಬರ್, ರಾಂಡು ಎಂಬ ಮೂವರು ವೈದ್ಯರ ಹೆಸರಿನಲ್ಲಿ ಅದನ್ನು ಗುರುತಿಸಲಾಗುತ್ತದೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳದೊಂದಿಗೆ ರಕ್ತ ಬಂದರೆ ಚಿಕ್ಕ ಮಗು ಮೂಗಿನೊಳಗೆ ಏನನ್ನಾದರೂ ತುರುಕಿಕೊಂಡಿರಬಹುದು. ಹದಿಹರೆಯದ ಹುಡುಗನಿಗೆ ಒಂದು ಬದಿಯ ಮೂಗು ಸದಾ ಕಟ್ಟಿಕೊಂಡಿದ್ದು ಅಲ್ಲಿಂದಲೇ ಮತ್ತೆ ಮತ್ತೆ ರಕ್ತ ಬಂದರೆ ಮೂಗಿನ ಹಿಂಭಾಗದಲ್ಲಿ ನಾಳಗಳಿಂದ ತುಂಬಿದ ಗೆಡ್ಡೆಯಿದೆಯೇ ಎಂದು ನೋಡಲೇಬೇಕು. ನನ್ನ ಮಗನ ಉತ್ತರಗಳೆಲ್ಲ ಇಲ್ಲ ಎಂದೇ ಇದ್ದವು, ಹಾಗಾಗಿ ಬಾಟಲಿ ಸಾಕಾಯಿತು.

ಐದನೆಯ ತಿಂಗಳಲ್ಲಿ ಅಪ್ಪನಿಗೆ ಬಲ ಹೊಳ್ಳೆಯಿಂದ ರಕ್ತ ಬರತೊಡಗಿತು. ಮಗನಿಗೆ ಗುಣವಾದದ್ದನ್ನು ಕಣ್ಣಾರೆ ಕಂಡಿದ್ದ ನಾನು, ಯಾರನ್ನೂ ಕೇಳದೆ, ಅವರಿಗೂ ಒಂದು ಹೊಸ ಬಾಟಲಿ ತಂದುಕೊಟ್ಟೆ. ಹೃದಯದ ಬಡಿತ ಲಯ ತಪ್ಪುವ ತೊಂದರೆಗಾಗಿ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಪ್ರತಿದಿನ ತೆಗೆದುಕೊಳ್ಳುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಮಂಡಿನೋವಿಗೆಂದು ತಾವಾಗಿಯೇ ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರು ಎಂಬುದು ಗೊತ್ತಿರಲಿಲ್ಲ. ಇವೆರಡೂ ಸೇರಿದರೆ ಸಣ್ಣ ಬಿರುಕಿನಿಂದಲೂ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲ. ಮೂರು ವಾರ ಸ್ಪ್ರೇ ಹಾಕಿಕೊಂಡರು, ರಕ್ತ ಬರುವುದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ರಾತ್ರಿ ಶುರುವಾದದ್ದು ನಲವತ್ತು ನಿಮಿಷವಾದರೂ ನಿಲ್ಲಲಿಲ್ಲ. ಅವರು ತಲೆಯನ್ನು ಹಿಂದಕ್ಕೆ ವಾಲಿಸಿ ಮಲಗಿದ್ದರು. ಗಂಟಲಿಗಿಳಿದ ರಕ್ತ ಹೊಟ್ಟೆ ಸೇರಿ ಕೊನೆಗೆ ಕಪ್ಪಗೆ ವಾಂತಿಯಾಯಿತು. “ಏನೂ ಆಗಿಲ್ಲ, ನೀನು ಹೆದರಬೇಡ” ಎನ್ನುತ್ತಲೇ ಇದ್ದ ಅವರ ಕೈ ತಣ್ಣಗಾಗಿತ್ತು.

ತುರ್ತು ವಿಭಾಗದಲ್ಲಿ ಮೊದಲು ಮಾಡಿದ ಕೆಲಸವನ್ನು ಮನೆಯಲ್ಲಿಯೇ ನಾವು ಮಾಡಬಹುದಿತ್ತು. ಅವರನ್ನು ನೆಟ್ಟಗೆ ಕೂರಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಗಟ್ಟಿಯಾದ ಮೇಲ್ಭಾಗವನ್ನಲ್ಲ, ಕೆಳಗಿನ ಮೆತ್ತಗಿನ ಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಿಗಿಯಾಗಿ ಹಿಡಿಸಿದರು. ಬಾಯಿಂದ ಉಸಿರಾಡುತ್ತ, ಬಾಯಿಗೆ ಬಂದ ರಕ್ತವನ್ನು ನುಂಗದೆ ಉಗುಳುತ್ತ, ಗಡಿಯಾರ ನೋಡಿ 10ರಿಂದ 15 ನಿಮಿಷ ನಡುವೆ ಒಮ್ಮೆಯೂ ಬಿಡದೆ ಒತ್ತಿ ಹಿಡಿಯಬೇಕು. ನಿಂತಿತೇ ಎಂದು ಪ್ರತಿ ನಿಮಿಷ ಬಿಟ್ಟು ನೋಡಿದರೆ ಆಗತಾನೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಒತ್ತಿದರೂ ನಿಲ್ಲದ್ದರಿಂದ ಎಂಡೋಸ್ಕೋಪ್ ಹಾಕಿ ರಕ್ತ ಚಿಮ್ಮುತ್ತಿದ್ದ ನಾಳವನ್ನು ಹುಡುಕಿದರು, ಮರಗಟ್ಟಿಸುವ ಔಷಧಿ ಹಚ್ಚಿ ಸಿಲ್ವರ್ ನೈಟ್ರೇಟ್ ಕಡ್ಡಿಯಿಂದ ಅದನ್ನು ಸುಟ್ಟು ಮುಚ್ಚಿದರು, ಮೇಲೆ ತಾನಾಗಿ ಕರಗುವ ಪದರವೊಂದನ್ನು ಇಟ್ಟರು. ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರಿಗೆ ಕರಗುವ ಪದರವನ್ನೇ ಆರಿಸಲು ಕಾರಣ, ಹೊರತೆಗೆಯುವಾಗ ಗಾಯ ಮತ್ತೆ ತೆರೆದುಕೊಳ್ಳುವ ಭಯವಿಲ್ಲದಿರುವುದು. ನಡುಗೋಡೆಯ ಎರಡೂ ಬದಿಯನ್ನು ಒಂದೇ ಸಲಕ್ಕೆ ಸುಡುವುದಿಲ್ಲವೆಂದೂ, ಹಾಗೆ ಮಾಡಿದರೆ ಮೃದ್ವಸ್ಥಿಗೆ ರಕ್ತ ಸಿಗದೆ ರಂಧ್ರ ಬೀಳಬಹುದೆಂದೂ ವೈದ್ಯರು ವಿವರಿಸಿದರು.

ಅಂದು ಅವರ ರಕ್ತದೊತ್ತಡ ಹೆಚ್ಚಿತ್ತು. ಕಾರಣ ಅದೇ ಎಂದು ನಾನು ಅಂದುಕೊಂಡೆ, ಆದರೆ ವೈದ್ಯರು ಹಾಗೆ ಹೇಳಲಿಲ್ಲ: ರಕ್ತ ಕಂಡ ಗಾಬರಿಯಿಂದಲೂ ಒತ್ತಡ ಏರುತ್ತದೆ, ಹೆಚ್ಚಿದ ಒತ್ತಡ ರಕ್ತ ನಿಲ್ಲುವುದನ್ನು ತಡಮಾಡುತ್ತದೆ, ಹಾಗೆಂದು ಎಲ್ಲದಕ್ಕೂ ಅದೇ ಮೂಲವೆಂದು ತೀರ್ಮಾನಿಸಿದರೆ ನಿಜವಾದ ಕಾರಣ ತಪ್ಪಿಹೋಗುತ್ತದೆ ಎಂದರು. ರಕ್ತಕಣಗಳ ಎಣಿಕೆ, ಹೆಪ್ಪುಗಟ್ಟುವ ಅವಧಿ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆಗಳಾದವು. ನೋವಿನ ಮಾತ್ರೆಯನ್ನು ನಿಲ್ಲಿಸಿದರು. ಹೃದಯದ ಮಾತ್ರೆಯನ್ನು ಮಾತ್ರ ಹೃದಯತಜ್ಞರನ್ನು ಕೇಳದೆ ಒಂದು ದಿನವೂ ಬಿಡಕೂಡದೆಂದು ಎರಡೆರಡು ಬಾರಿ ಹೇಳಿದರು, ಏಕೆಂದರೆ ಅದನ್ನು ಬಿಟ್ಟರೆ ಎದುರಾಗುವ ಪಾರ್ಶ್ವವಾಯುವಿನ ಅಪಾಯ ಮೂಗಿನ ರಕ್ತಕ್ಕಿಂತ ಬಹಳ ದೊಡ್ಡದು.

ಇದೆಲ್ಲ ಆದ ಮೇಲೆ ಅದೇ ಸ್ಪ್ರೇ, ಅದೇ ಜೆಲ್ ಅಪ್ಪನ ಚೀಟಿಯಲ್ಲಿಯೂ ಬಂದವು! ಸುಟ್ಟ ಜಾಗದ ಹಕ್ಕಳೆ ಮೆದುವಾಗಿದ್ದು ತಾನಾಗಿ ಉದುರಲೆಂದು. ಈ ಬಾರಿ ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದವು. ಎರಡು ತಿಂಗಳಿಂದ ರಕ್ತ ಬಂದಿಲ್ಲ. ಮೊದಲ ಸಲ ಸೋತದ್ದು ಬಾಟಲಿಯಲ್ಲ, ಕಾರಣ ಪತ್ತೆಯಾಗುವ ಮೊದಲೇ ಅದನ್ನು ಕೈಗೆ ಕೊಟ್ಟ ನನ್ನ ಆತುರ. ಆದರೆ ನನ್ನಂತೆ ಆತುರಪಡುವವರು ಬಹಳ ಮಂದಿ ಇರುತ್ತಾರೆಂದು ತಯಾರಕರಿಗೆ ತಿಳಿದಿರಬೇಕಲ್ಲವೇ? ಒಳಗಿನ ಕಾಗದದಲ್ಲಿ ಬಳಕೆಯ ವಿಧಾನ ಆರು ಸಾಲಿದೆ, ‘ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಿ’ ಎಂಬುದು ಒಂದೇ ಸಾಲು. ಎಷ್ಟು ಹೊತ್ತು ಮುಂದುವರಿದರೆ, ಯಾರು, ಎಷ್ಟು ಬೇಗ ಎಂಬುದಿಲ್ಲ.

ಆ ಕಾಗದದಲ್ಲಿ ಇರಬೇಕಿದ್ದದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಹೀಗಿದೆ. ಸರಿಯಾಗಿ ಹದಿನೈದು ನಿಮಿಷ ಒತ್ತಿ ಹಿಡಿದ ಮೇಲೂ ರಕ್ತ ನಿಲ್ಲದಿದ್ದರೆ, ಅಥವಾ ಬಿಟ್ಟುಬಿಟ್ಟು ಬಂದು ಒಂದೇ ದಿನದಲ್ಲಿ ಒಟ್ಟು ಅರ್ಧ ಗಂಟೆ ಮೀರಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತ ಮುಂದಕ್ಕೆ ಬರುವುದಕ್ಕಿಂತ ಹೆಚ್ಚಾಗಿ ಗಂಟಲಿಗೆ ಇಳಿಯುತ್ತಿದ್ದರೆ ಅದು ಮೂಗಿನ ಹಿಂಭಾಗದ ದೊಡ್ಡ ನಾಳದಿಂದ ಬರುತ್ತಿರಬಹುದು. ವಯಸ್ಸಾದವರಲ್ಲಿ ಇದು ಹೆಚ್ಚು, ಹೊರಗಿನಿಂದ ಒತ್ತಿದರೆ ನಿಲ್ಲುವುದಿಲ್ಲ. ತಲೆಗೆ ಅಥವಾ ಮುಖಕ್ಕೆ ಪೆಟ್ಟು ಬಿದ್ದ ಮೇಲೆ ಬಂದರೆ, ತಲೆ ಸುತ್ತಿ ಮುಖ ಬಿಳಿಚಿಕೊಂಡರೆ, ಉಸಿರಾಟ ಕಷ್ಟವಾದರೆ, ರಕ್ತ ವಾಂತಿಯಾದರೆ ಕೂಡ ಹಾಗೆಯೇ. ಎರಡು ವರ್ಷಕ್ಕಿಂತ ಚಿಕ್ಕ ಮಗುವಿನ ಮೂಗಿನಲ್ಲಿ ರಕ್ತ ಬರುವುದು ಅಪರೂಪ, ಆದ್ದರಿಂದ ಒಮ್ಮೆ ಬಂದರೂ ತೋರಿಸಬೇಕು. ರಕ್ತ ಹೆಪ್ಪುಗಟ್ಟದ ಮಾತ್ರೆ ಅಥವಾ ಆಸ್ಪಿರಿನ್ ತೆಗೆದುಕೊಳ್ಳುವವರು, ರಕ್ತದ ಅಥವಾ ಯಕೃತ್ತಿನ ಕಾಯಿಲೆಯಿರುವವರು ಸ್ಪ್ರೇ ಕೊಳ್ಳುವ ಮೊದಲೇ ವೈದ್ಯರನ್ನು ಕಾಣಬೇಕು. ಉಳಿದವರಿಗೆ ವಾರಕ್ಕೊಮ್ಮೆಗಿಂತ ಹೆಚ್ಚಾಗಿ ಬರುತ್ತಿದ್ದರೆ, ಯಾವಾಗಲೂ ಒಂದೇ ಬದಿಯಿಂದ ಬರುತ್ತಿದ್ದು ಆ ಬದಿ ಕಟ್ಟಿಕೊಂಡಿದ್ದರೆ, ಅಥವಾ ಸುಸ್ತು, ಮೈಮೇಲಿನ ಕಲೆಗಳು ಜೊತೆಗಿದ್ದರೆ ಒಂದೆರಡು ದಿನಗಳಲ್ಲಿ ಸಮಯ ನಿಗದಿಪಡಿಸಿಕೊಂಡು ತೋರಿಸುವುದು ಸರಿ.

ಹಾಗಾಗಿ ಮೂಗು ಒಣಗುವುದೇ ಕಾರಣವೆಂದು ಪರೀಕ್ಷೆಯಿಂದ ಖಚಿತವಾದವರಿಗೆ ಸ್ಪ್ರೇಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಮಕ್ಕಳಿಗೆ ಹೊಂದದ ಮೂತಿಗೆ. ಜೆಲ್‌ಗೆ ನಾಲ್ಕೂವರೆ. ಡಬ್ಬಿಯ ಮೇಲಿನ ಆ ಸಾಲಿಗೂ ಒಳಗಿನ ಕಾಗದಕ್ಕೂ ಒಂದು ಅಂಕವನ್ನೂ ಕೊಡಲಾರೆ, ಮತ್ತು ಅದನ್ನು ತಿದ್ದಬೇಕೆಂದು ಕೋರಿ ತಯಾರಕರಿಗೆ ಪತ್ರ ಬರೆದಿದ್ದೇನೆ. ಈಗ ಮನೆಯಲ್ಲಿ ಎರಡು ಬಾಟಲಿಗಳಿವೆ, ಒಂದೊಂದರ ಮೇಲೂ ಹೆಸರು ಮತ್ತು ತೆರೆದ ದಿನಾಂಕವಿದೆ. ಅಪ್ಪನ ಬಾಟಲಿಗೆ ಅವರ ಮಾತ್ರೆಗಳ ಹೆಸರು ಬರೆದ ಚೀಟಿಯೊಂದನ್ನೂ ಅಂಟಿಸಿದ್ದೇವೆ.